ಹಾಸ್ಪೈಸ್‌ಗಾಗಿ 50 ಕಿಲೋಮೀಟರ್: ನಾಲ್ಕು ಗೋಪುರಗಳ ನಡಿಗೆಗೆ ಸಿದ್ಧವಾಗುವುದು ಹೇಗೆ

ಅಮ್ಮನಿಗೆ ಆಗ ನುಂಗಲು ಆಗುತ್ತಿರಲಿಲ್ಲ. ಬೆಳಗಿನ ಪಾಳಿಯ ನರ್ಸ್ ಒಂದು ಪುಟ್ಟ ಬಟ್ಟಲಲ್ಲಿ ತಿಳಿಸಾರು ತಂದು, ಹತ್ತಿ ಸುತ್ತಿದ ಕಡ್ಡಿಯನ್ನು ಅದರಲ್ಲಿ ಅದ್ದಿ ಅಮ್ಮನ ತುಟಿಗೆ ಸವರಿದಳು. 'ಅಜ್ಜಿ, ಮೆಣಸಿನ ಸಾರು. ಉಪ್ಪು ಸರಿಯಾಗಿದೆಯಾ ಹೇಳಿ' ಎಂದಳು. ಅಮ್ಮ ನಾಲಿಗೆ ಚಾಚಿ ರುಚಿ ನೋಡಿ, 'ಒಂದು ಚಿಟಿಕೆ ಕಡಿಮೆ' ಎಂದಳು. ನೋವು ಹೆಚ್ಚಾದ ಮೇಲೆ ಅವಳ ಬಾಯಿಂದ ಅಡುಗೆಯ ಮಾತು ಬಂದದ್ದು ಅದೇ ಮೊದಲು. ಕೊನೆಯ ಹಂತದ ರೋಗಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಆ ಹಾಸ್ಪೈಸ್‌ನಲ್ಲಿ ಅವಳು 23 ದಿನ ಇದ್ದಳು. ನಮ್ಮಿಂದ ಒಂದು ರೂಪಾಯಿಯನ್ನೂ ಅವರು ಕೇಳಲಿಲ್ಲ.

ಮರುವರ್ಷದ ಜನವರಿಯಲ್ಲಿ, ಅಲ್ಲಿಗೆ ಹಣ ಸೇರಿಸಲೆಂದು ನಾನು ಒಂದೇ ದಿನದಲ್ಲಿ 50 ಕಿ.ಮೀ. ನಡೆದೆ. ಆಗ ನನಗೆ 47 ವರ್ಷ, ದಿನವಿಡೀ ಕುಳಿತು ಮಾಡುವ ಬ್ಯಾಂಕ್ ಕೆಲಸ. ಅದಕ್ಕೆ ಮೊದಲು ಒಟ್ಟಿಗೆ ಹತ್ತು ಕಿ.ಮೀ. ನಡೆದವಳೂ ಅಲ್ಲ. ಇಂಥ ಆಸೆ ಇಟ್ಟುಕೊಂಡವರು 'ಎಲ್ಲಿಂದ ಶುರು ಮಾಡಬೇಕು' ಎಂದು ಕೇಳುತ್ತಿರುತ್ತಾರೆ. ನನಗೆ ತಿಳಿದದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು ಹಾಸ್ಪೈಸ್‌ಗೆ ಹೋಗಿ ಬನ್ನಿ

ಶೂ ಅಂಗಡಿಗೆ ಆಮೇಲೆ ಹೋಗಬಹುದು. ಯಾರಿಗಾಗಿ ಹಣ ಕೇಳುತ್ತೀರೋ ಆ ಜಾಗವನ್ನು ಮೊದಲು ಕಣ್ಣಾರೆ ನೋಡಬೇಕು. ಇಲ್ಲದಿದ್ದರೆ ನಾಲ್ಕನೆಯ ಮನೆಯಲ್ಲಿ ಯಾರೋ ಒಂದು ಪ್ರಶ್ನೆ ಕೇಳಿದಾಗ ಮಾತು ತಡವರಿಸುತ್ತದೆ.

ಹಾಸ್ಪೈಸ್ ಎಂದರೆ ವಾಸಿಮಾಡುವ ಚಿಕಿತ್ಸೆ ಇನ್ನು ಫಲಿಸದು ಎಂಬ ಹಂತ ತಲುಪಿದವರ ನೋವು, ಉಸಿರಾಟದ ಕಷ್ಟ, ಹುಣ್ಣು, ಭಯ ಇವನ್ನೆಲ್ಲ ಒಟ್ಟಿಗೆ ನೋಡಿಕೊಳ್ಳುವ ಜಾಗ. ಲಂಡನ್ನಿನಲ್ಲಿ 1967ರಲ್ಲಿ ಸಿಸಿಲಿ ಸಾಂಡರ್ಸ್ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಈ ಬಗೆಯ ಆಧುನಿಕ ಆರೈಕೆಗೆ ಮಾದರಿಯಾಯಿತು. ನಮ್ಮ ದೇಶದ ಮೊದಲ ಹಾಸ್ಪೈಸ್ ಶಾಂತಿ ಅವೇದನ 1986ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಬೆಂಗಳೂರಿನಲ್ಲಿ 1994ರಲ್ಲಿ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಹುಟ್ಟಿತು. ಅದು ನಡೆಸುವ ಕರುಣಾಶ್ರಯ 1999ರಿಂದ ಮಾರತ್ತಹಳ್ಳಿಯ ಬಳಿ, ವರ್ತೂರು ರಸ್ತೆಯಲ್ಲಿ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಅಲ್ಲಿನ ತಂಡ ರೋಗಿಗಳ ಮನೆಗೂ ಹೋಗಿ ಬರುತ್ತದೆ.

ಮೊದಲೇ ಫೋನ್ ಮಾಡಿ, ದೇಣಿಗೆ ನೋಡಿಕೊಳ್ಳುವವರ ಬಳಿ ಸಮಯ ಕೇಳಿಕೊಂಡು ಹೋಗಿ. ಅಲ್ಲಿ ಮೂರು ಸಂಗತಿ ವಿಚಾರಿಸಿ. ಒಬ್ಬ ರೋಗಿಯ ಒಂದು ದಿನದ ಆರೈಕೆಗೆ ಅವರಿಗೆ ಎಷ್ಟು ಖರ್ಚು ಬೀಳುತ್ತದೆ? ಈಗ ಯಾವುದಕ್ಕೆ ಹಣ ಸಾಲದು: ಔಷಧಕ್ಕೋ, ನರ್ಸ್‌ಗಳ ಸಂಬಳಕ್ಕೋ, ಮನೆಗೆ ಹೋಗುವ ವಾಹನದ ಡೀಸೆಲ್‌ಗೋ? ನಿಮ್ಮ ಹೆಸರಿನಲ್ಲಿ ಬರುವ ದೇಣಿಗೆಯನ್ನು ಪ್ರತ್ಯೇಕವಾಗಿ ಗುರುತಿಸಲು ಅವರಲ್ಲಿ ಏನು ವ್ಯವಸ್ಥೆ ಇದೆ? ಉತ್ತರಗಳನ್ನು ಬರೆದುಕೊಳ್ಳಿ. ಅವರ ಹೆಸರನ್ನು ಬಳಸಲು ಒಪ್ಪಿಗೆಯ ಪತ್ರವನ್ನೂ ಪಡೆಯಿರಿ.

ಕ್ಯಾಮೆರಾ ಚೀಲದಲ್ಲೇ ಇರಲಿ. ಹಾಸಿಗೆಯಲ್ಲಿ ಮಲಗಿರುವವರ ಫೋಟೋ ತೋರಿಸಿ ಹಣ ಕೇಳುವುದು ನನಗೆ ಒಪ್ಪಿಗೆಯಿಲ್ಲ. ಅಮ್ಮನ ಕೊನೆಯ ವಾರದ ಚಿತ್ರ ನನ್ನ ಮೊಬೈಲಿನಲ್ಲಿತ್ತು. ಅದನ್ನು ಯಾರಿಗೂ ಕಳಿಸಲಿಲ್ಲ. ಅವಳು ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದ ಹಳೆಯ ಫೋಟೋವನ್ನೇ ಎಲ್ಲರಿಗೂ ಕಳಿಸಿದೆ.

ಯಾವ ಸವಾಲು

ನಿಮ್ಮನ್ನು ಬಲ್ಲವರು 'ಇವಳಿಗೆ ಇದು ಸುಲಭವಲ್ಲ' ಎಂದು ಅಂದುಕೊಳ್ಳುವಷ್ಟು ದೂರ ಇರಬೇಕು, ನಾಲ್ಕು ತಿಂಗಳ ಅಭ್ಯಾಸಕ್ಕೆ ದಕ್ಕುವಂತೆಯೂ ಇರಬೇಕು. ವಾರಕ್ಕೆ ಮೂರು ದಿನ ಓಡುವವರಿಗೆ 10 ಕಿ.ಮೀ. ಸವಾಲಾಗದು. ಮಂಡಿನೋವಿರುವ ಅರವತ್ತರ ಹಿರಿಯರಿಗೆ ಅದೇ 10 ಕಿ.ಮೀ. ದೊಡ್ಡ ಮಾತು, ದೇಣಿಗೆ ಕೊಡುವವರಿಗೂ ಅದು ಗೊತ್ತಿರುತ್ತದೆ.

ಓಡುವವರಿಗೆ ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಎಂಬ 10 ಕಿ.ಮೀ. ಓಟ ಇದೆ. ನೋಂದಾಯಿತ ಸಂಸ್ಥೆಗಳ ಪರವಾಗಿ ಹಣ ಸಂಗ್ರಹಿಸುತ್ತಾ ಅದರಲ್ಲಿ ಓಡಬಹುದು. ಸೈಕಲ್ ತುಳಿಯುವವರು 200 ಕಿ.ಮೀ. ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸುವ ದೂರದ ಸವಾರಿ, ನೋಡಬಹುದು, ಅದನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಬೆಟ್ಟದ ಆಸೆ ಇದ್ದವರು ಸಾವನದುರ್ಗಕ್ಕೋ ಸ್ಕಂದಗಿರಿಗೋ ಹೋಗುವ ಮೊದಲು ಅರಣ್ಯ ಇಲಾಖೆಯ ಅನುಮತಿ ವಿಚಾರಿಸಿಕೊಳ್ಳಲಿ. ಮಳೆ ಬಿದ್ದ ಬಂಡೆಯ ಸಹವಾಸ ಯಾರಿಗೂ ಬೇಡ.

ನಾನು ಆರಿಸಿಕೊಂಡದ್ದು ನಡಿಗೆ, ಅದೂ ಊರೊಳಗೆ. ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳು ನಿಮಗೆ ಗೊತ್ತಿರುತ್ತವೆ: ಲಾಲ್‌ಬಾಗಿನ ಬಂಡೆ, ಕೆಂಪಾಂಬುಧಿ ಕೆರೆಯ ದಂಡೆ, ಮೇಖ್ರಿ ವೃತ್ತದ ಬಳಿಯ ಗುಡ್ಡ, ಹಲಸೂರು ಕೆರೆ. ಲಾಲ್‌ಬಾಗಿನಿಂದ ಹೊರಟು ಮೂರನ್ನೂ ಮುಟ್ಟಿ ಮರಳಿದರೆ, ಹಿಡಿಯುವ ಬೀದಿಗೆ ತಕ್ಕಂತೆ, 25 ಕಿ.ಮೀ. ಆಸುಪಾಸು ಆಗುತ್ತದೆ. ಎರಡು ಸುತ್ತು ಬಂದರೆ 50. ಹಲಸೂರಿನ ಗೋಪುರ ಸೇನೆಯ ಆವರಣದಲ್ಲಿರುವುದರಿಂದ ಕೆರೆಯ ದಂಡೆಯನ್ನೇ ಗುರುತಾಗಿ ಇಟ್ಟುಕೊಂಡೆ. ಊರೊಳಗಿನ ದಾರಿಯಿಂದ ಅನುಕೂಲ ಬಹಳ. ಸುಸ್ತಾದರೆ ಮೆಟ್ರೋ ಇದೆ, ಆಸ್ಪತ್ರೆ ಹತ್ತಿರ, ಶೌಚಾಲಯಕ್ಕೆ ದರ್ಶಿನಿಗಳು ಸಿಗುತ್ತವೆ. ಇಡೀ ದೂರ ನಡೆಯಲಾಗದ ನೆಂಟರು ಒಂದು ಗೋಪುರದಿಂದ ಇನ್ನೊಂದಕ್ಕೆ ಜೊತೆಯಾಗಬಹುದು. ನನ್ನ ಚಿಕ್ಕಮ್ಮ ಲಾಲ್‌ಬಾಗಿನಿಂದ ಕೆಂಪಾಂಬುಧಿಯವರೆಗೆ ನಡೆದು ಆಟೋದಲ್ಲಿ ಮನೆಗೆ ಹೋದರು. ಅವರು ಕೊಟ್ಟ ದೇಣಿಗೆಯೇ ಎಲ್ಲಕ್ಕಿಂತ ದೊಡ್ಡದು.

ಡಿಸೆಂಬರ್ ಅಥವಾ ಜನವರಿಯ ಒಂದು ಭಾನುವಾರ ಗೊತ್ತುಮಾಡಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಳೆ, ಏಪ್ರಿಲಿನಲ್ಲಿ ಬಿಸಿಲು. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನಗಳನ್ನು ಬಿಡುವುದಿಲ್ಲವಾದ್ದರಿಂದ ದಾರಿಯನ್ನು ಅದರೊಳಗಿಂದ ಹಾಯಿಸಿಕೊಂಡರೆ ಕಾಲಿಗೂ ಕಿವಿಗೂ ಹಿತ. ನಾಲ್ಕೈದು ಜನ ಸುಮ್ಮನೆ ನಡೆದುಹೋದರೆ ಯಾರ ತಕರಾರೂ ಇಲ್ಲ. ಬ್ಯಾನರ್, ಮೈಕು, ನೂರು ಜನ ಎಂದಾದರೆ ಪೊಲೀಸರ ಅನುಮತಿ ಬೇಕು. ಮೊದಲ ಸಲಕ್ಕೆ ಸಣ್ಣ ಗುಂಪೇ ಸಾಕು.

ಹದಿನಾರು ವಾರ

ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವೈದ್ಯರನ್ನು ಕಂಡು, ಎಷ್ಟು ದೂರ, ಎಷ್ಟು ಹೊತ್ತು ಎಂಬುದನ್ನು ಬಿಡಿಸಿ ಹೇಳಿ ಅವರ ಒಪ್ಪಿಗೆ ಪಡೆಯಬೇಕು. 'ವಾಕಿಂಗ್ ಮಾಡಬಹುದಾ ಡಾಕ್ಟ್ರೇ' ಎಂದಷ್ಟೇ ಕೇಳಿದರೆ ಯಾರು ಬೇಡವೆನ್ನುತ್ತಾರೆ?

ವಾರದ ನಡುವೆ ಮೂರು ದಿನ ಒಂದೊಂದು ಗಂಟೆ ನಡಿಗೆ, ಒಂದು ದಿನ ಮೆಟ್ಟಿಲು ಹತ್ತಿ ಇಳಿಯುವುದು, ಭಾನುವಾರ ಉದ್ದದ ನಡಿಗೆ. ನನ್ನ ಭಾನುವಾರಗಳು 8 ಕಿ.ಮೀ.ನಿಂದ ಶುರುವಾಗಿ ವಾರಕ್ಕೆ ಎರಡು ಮೂರು ಕಿ.ಮೀ. ಏರುತ್ತಾ ಹೋದವು. ಪ್ರತಿ ನಾಲ್ಕನೆಯ ವಾರ ದೂರ ಇಳಿಸಿ ದೇಹಕ್ಕೆ ಬಿಡುವು ಕೊಟ್ಟೆ. ಹದಿಮೂರನೆಯ ವಾರ ನಡೆದ 35 ಕಿ.ಮೀ.ಯೇ ಅತಿ ಉದ್ದದ್ದು. ಅಲ್ಲಿಂದ ಮುಂದೆ ಇಳಿಮುಖ. ಕೊನೆಯ ಮೂರು ವಾರ ಕಾಲು ದಣಿವಾರಿಸಿಕೊಳ್ಳಬೇಕು, ಆಗ ಗಾಬರಿಯಿಂದ ಇನ್ನೊಂದು 40 ಕಿ.ಮೀ. ನಡೆದು ನೋಡುವವರು ಉಂಟು. ದಯವಿಟ್ಟು ಬೇಡ.

ಗಂಟೆಗೆ 5 ಕಿ.ಮೀ. ವೇಗವಿದ್ದರೆ 50ಕ್ಕೆ ಹತ್ತು ಗಂಟೆ. ಊಟ, ವಿಶ್ರಾಂತಿ, ಸಿಗ್ನಲ್ ದಾಟುವುದು ಎಲ್ಲ ಸೇರಿ ಇನ್ನೆರಡು. ಬೆಳಿಗ್ಗೆ ಐದಕ್ಕೆ ಹೊರಟರೆ ಕತ್ತಲಾಗುವ ಮೊದಲು ಮುಗಿಯುತ್ತದೆ.

ಪಾದದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನಡಿಗೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಅಲ್ಲಿಯೇ. ಶೂ ಕೊಳ್ಳಲು ಸಂಜೆ ಹೋಗಿ, ದಿನವಿಡೀ ಓಡಾಡಿದ ಪಾದ ಆ ಹೊತ್ತಿಗೆ ಕೊಂಚ ಊದಿರುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಿನಷ್ಟು ಜಾಗ ಉಳಿಯಬೇಕು. ಹತ್ತಿಯ ಕಾಲುಚೀಲ ಬೆವರು ಹೀರಿಕೊಂಡು ಒದ್ದೆಯಾಗಿಯೇ ಇರುತ್ತದೆ, ಒದ್ದೆ ಚರ್ಮ ಉಜ್ಜಿಕೊಂಡು ಬೊಬ್ಬೆ ಏಳುತ್ತದೆ. ಬೇಗ ಒಣಗುವ ಸಿಂಥೆಟಿಕ್ ಕಾಲುಚೀಲ ತೆಗೆದುಕೊಳ್ಳಿ, ದಾರಿಗೆ ಇನ್ನೊಂದು ಜೊತೆ ಇಟ್ಟುಕೊಳ್ಳಿ. ಉಗುರನ್ನು ಎರಡು ದಿನ ಮೊದಲೇ ನೇರವಾಗಿ ಕತ್ತರಿಸಿ. ಬೆರಳ ಸಂದು, ಹಿಮ್ಮಡಿ, ತೊಡೆಯ ಒಳಬದಿಗೆ ವ್ಯಾಸಲೀನ್ ಹಚ್ಚಿ. ಆ ದಿನಕ್ಕೆಂದು ಹೊಸದೇನನ್ನೂ ತೊಡಬೇಡಿ.

ನನ್ನ ಬಲಗಾಲಿನ ಕಿರುಬೆರಳು 32ನೇ ಕಿ.ಮೀ. ಸುಮಾರಿಗೆ ಉರಿಯತೊಡಗಿತು. ಮೇಖ್ರಿ ವೃತ್ತದಲ್ಲಿ ತಂಗಿ ಕಾಯುತ್ತಿದ್ದಾಳೆ, ಅಲ್ಲೇ ನೋಡಿಕೊಂಡರಾಯಿತು ಎಂದು ನಡೆದೇ ನಡೆದೆ. ಸದಾಶಿವನಗರದಲ್ಲಿ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಳಿತು ಕಾಲುಚೀಲ ಎಳೆದಾಗ, ಹುರುಳಿಕಾಳಿನಷ್ಟಿರಬೇಕಾಗಿದ್ದ ಗುಳ್ಳೆ ಅವರೆಕಾಳಿನಷ್ಟಾಗಿ ಒಡೆದಿತ್ತು. ಉರಿ ಶುರುವಾದಲ್ಲೇ ಕುಳಿತು, ಪಾದ ಒರೆಸಿ, ಔಷಧದಂಗಡಿಯಲ್ಲಿ ಸಿಗುವ ಕಾಗದದ ಪ್ಲಾಸ್ಟರ್ ಸುತ್ತಿದ್ದರೆ ಎರಡು ನಿಮಿಷದ ಕೆಲಸ. ಆಮೇಲಿನ ಹದಿನೈದು ಕಿ.ಮೀ.ಯನ್ನು ಕುಂಟುತ್ತಾ ನಡೆದೆ.

ಹಣ ಕೇಳುವ ಕೆಲಸ

ಕಾಲಿಗಿಂತ ಬಾಯಿಗೇ ಇಲ್ಲಿ ಹೆಚ್ಚು ಅಭ್ಯಾಸ ಬೇಕಾಯಿತು. ನಮ್ಮ ಮನೆಗಳಲ್ಲಿ ಕೈಚಾಚಬಾರದು ಎಂದು ಹೇಳಿ ಬೆಳೆಸಿರುತ್ತಾರೆ. ಮೊದಲ ಫೋನ್ ಮಾಡುವ ಮುನ್ನ ಅರ್ಧ ಗಂಟೆ ಮೊಬೈಲ್ ಹಿಡಿದು ಕುಳಿತಿದ್ದೆ.

ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಿ ಕಾಯುವುದರಿಂದ ಹಣ ಬರುವುದಿಲ್ಲ. ಮೊದಲು ತೀರಾ ಹತ್ತಿರದ ಹತ್ತು ಜನರ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಹೆಸರು ಹಿಡಿದು ಬರೆಯಿರಿ ಇಲ್ಲವೇ ಫೋನ್ ಮಾಡಿ. ಅವರು ಕೊಟ್ಟ ಮೇಲೆ ಉಳಿದವರ ಬಳಿ ಹೋಗುವುದು ಸುಲಭ. ಕಿ.ಮೀ.ಗೆ ಇಷ್ಟು ಎಂದು ಮಾತು ಕೊಡಿಸಿ ಆಮೇಲೆ ವಸೂಲಿಗೆ ಓಡಾಡುವ ಕ್ರಮ ನಮ್ಮಲ್ಲಿ ಹೊಂದುವುದಿಲ್ಲ. 501, 1001 ಎಂದು ಒಮ್ಮೆಗೇ ಕೊಟ್ಟುಬಿಡುವುದು ನಮ್ಮ ಜನರ ಕೈಗೆ ಬಂದ ರೂಢಿ. ಮದುವೆಯಲ್ಲಿ ಮುಯ್ಯಿ ಬರೆಯುತ್ತಾರಲ್ಲ, ಅದೇ ಥರ ಒಂದು ನೋಟ್‌ಬುಕ್ ಮಾಡಿ: ಹೆಸರು, ಮೊತ್ತ, ದಿನಾಂಕ, ರಸೀದಿ ಬಂತೇ ಇಲ್ಲವೇ.

ನಾನು ಕಳಿಸಿದ ಪತ್ರದ ಮುಖ್ಯ ಭಾಗ ಹೀಗಿತ್ತು:

'ಜನವರಿಯ ಎರಡನೇ ಭಾನುವಾರ ಬೆಂಗಳೂರಿನ ನಾಲ್ಕು ಗೋಪುರಗಳನ್ನು ಎರಡು ಸುತ್ತು ಬರುತ್ತೇನೆ, 50 ಕಿ.ಮೀ. ಬೆಳಿಗ್ಗೆ ಐದಕ್ಕೆ ಹೊರಟರೆ ಸಂಜೆ ಐದಾಗುತ್ತದೆ. ಅಮ್ಮನಿಗೆ ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಕೊಡುತ್ತಿದ್ದರು. ನಾನು ನಡೆಯುವ ಹನ್ನೆರಡು ಗಂಟೆಯಲ್ಲಿ, ಈಗ ಅವಳಂತೆ ಮಲಗಿರುವ ಒಬ್ಬರಿಗೆ ಮೂರು ಸಲ ಅದನ್ನು ಕೊಡುತ್ತಾರೆ, ಹೊರಳಿಸಿ ಮಲಗಿಸುತ್ತಾರೆ, ಬಾಯಿ ಒರೆಸುತ್ತಾರೆ. ಅದಕ್ಕಾಗಿ ನಿಮ್ಮ ಕೈಲಾದಷ್ಟು ಕೊಡಿ. ಹಣ ನೇರವಾಗಿ ಹಾಸ್ಪೈಸ್‌ಗೆ ಹೋಗುತ್ತದೆ. ನನ್ನ ಶೂ, ಊಟ, ಓಡಾಟದ ಖರ್ಚು ನನ್ನದೇ.'

ಕೊನೆಯ ವಾಕ್ಯವನ್ನು ಬಿಡಬೇಡಿ. ಜನ ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಆ ಪ್ರಶ್ನೆ ಇರುತ್ತದೆ.

ಇನ್ನೊಂದು ಪ್ರಶ್ನೆಯನ್ನು ಬಾಯಿಬಿಟ್ಟೇ ಕೇಳುತ್ತಾರೆ. 'ಹೇಗೂ ವಾಸಿಯಾಗದವರಿಗೆ ಯಾಕೆ ಖರ್ಚು? ಮಕ್ಕಳ ಓದಿಗೆ ಕೊಟ್ಟರೆ ಆಗದೇ?' ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ, ಅಮ್ಮ ಹಾಸಿಗೆ ಹಿಡಿಯುವ ಮೊದಲು ನಾನೂ ಹಾಗೆಯೇ ಯೋಚಿಸುತ್ತಿದ್ದೆ. ಹಾಸ್ಪೈಸ್‌ಗೆ ಹೋಗುವ ಮುಂಚಿನ ರಾತ್ರಿಗಳಲ್ಲಿ ಅವಳು ಕಿರುಚುತ್ತಿದ್ದುದನ್ನು, ಪಕ್ಕದ ಕೋಣೆಯಲ್ಲಿ ಹತ್ತನೇ ತರಗತಿಯ ಮಗಳು ಕಿವಿ ಮುಚ್ಚಿಕೊಂಡು ಓದಲು ಕೂರುತ್ತಿದ್ದುದನ್ನು ಅವರಿಗೆ ಹೇಳಿದೆ. ನೋವು ಒಬ್ಬರಿಗೆ ಬಂದರೂ ಇಡೀ ಮನೆ ಅದರಲ್ಲಿ ಬೇಯುತ್ತದೆ. ಮಾರ್ಫಿನ್ ಕೊಟ್ಟು ಸಾವನ್ನು ಬೇಗ ತರುತ್ತಾರಂತೆ ಎಂಬ ಅನುಮಾನವೂ ಕೆಲವರಿಗಿದೆ. ತಿಳಿದವರು ಅಳತೆ ನೋಡಿ, ಅಗತ್ಯಕ್ಕೆ ತಕ್ಕಂತೆ ಏರಿಸಿ ಇಳಿಸಿ ಕೊಡುವ ನೋವುನಿವಾರಕ ಅದು. ಅದನ್ನು ಕೊಟ್ಟ ಮೇಲೆಯೇ ಅಮ್ಮ ಉಪ್ಪು ಕಡಿಮೆ ಎಂದು ಹೇಳಿದ್ದು.

ಈಗ ಕಾನೂನಿನ ಮಾತು. ಇಲ್ಲಿ ಎಡವಿದರೆ ಒಳ್ಳೆಯ ಕೆಲಸಕ್ಕೆ ಕೆಟ್ಟ ಹೆಸರು ಬರುತ್ತದೆ.

ಯಾರ ಹಣವನ್ನೂ ನಿಮ್ಮ ಯುಪಿಐಗೆ ಹಾಕಿಸಿಕೊಳ್ಳಬೇಡಿ. ಹಾಸ್ಪೈಸ್‌ನ ಖಾತೆ ಅಥವಾ ಅವರ ಜಾಲತಾಣದ ಕೊಂಡಿಯನ್ನೇ ಕಳಿಸಿ, ಷರಾ ಬರೆಯುವಲ್ಲಿ ನಿಮ್ಮ ನಡಿಗೆಯ ಹೆಸರು ಹಾಕಲು ಹೇಳಿ. ನಗದನ್ನೇ ಕೊಡುತ್ತೇನೆ ಎನ್ನುವವರು ಇರುತ್ತಾರೆ. ಗಾಂಧಿ ಬಜಾರಿನಲ್ಲಿ ನಾನು ದಿನವೂ ಹೂವು ಕೊಳ್ಳುವಾಕೆ ಸೊಂಟದ ಚೀಲದಿಂದ ಐವತ್ತು ರೂಪಾಯಿ ತೆಗೆದು, 'ನಮ್ಮತ್ತೆಗೂ ಅದೇ ಕಾಯಿಲೆ ಕಣಮ್ಮ' ಎಂದು ಕೈಗಿಟ್ಟಳು. ಅಂಥವರಿಗಾಗಿ ಹಾಸ್ಪೈಸ್‌ನಿಂದಲೇ ರಸೀದಿ ಪುಸ್ತಕ ಕೇಳಿ ತನ್ನಿ, ನಗದನ್ನು ವಾರದೊಳಗೆ ಕಟ್ಟಿಬಿಡಿ.

80ಜಿ ಎಂದೇ ಜನ ಗುರುತಿಸುವ, ದೇಣಿಗೆ ಕೊಟ್ಟವರಿಗೆ ಸಿಗುವ ತೆರಿಗೆ ವಿನಾಯಿತಿಗೆ ಆ ಸಂಸ್ಥೆ ಅರ್ಹವೇ ಎಂದು ವಿಚಾರಿಸಿಕೊಳ್ಳಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಅದರ ಲಾಭ. 2,000 ರೂಪಾಯಿ ಮೀರಿದ ನಗದಿಗೆ ಅದು ಸಿಗದು. ಪ್ಯಾನ್ ಸಂಖ್ಯೆ ಕೊಡದವರಿಗೆ ಪ್ರಮಾಣಪತ್ರ ಪಡೆಯುವಾಗ ತೊಂದರೆಯಾಗುತ್ತದೆ, ಮೊದಲೇ ತಿಳಿಸಿ.

ಬೆಂಗಳೂರಿನಲ್ಲಿ ಯಾರ ಮನೆಯಲ್ಲಿ ಹೊರದೇಶದ ನೆಂಟರಿಲ್ಲ ಹೇಳಿ! ಭಾರತದ ಪಾಸ್‌ಪೋರ್ಟ್ ಇರುವ ತಮ್ಮ ದುಬೈಯಿಂದ ತನ್ನ ಉಳಿತಾಯದ ಹಣ ಕಳಿಸಿದರೆ ಅಡ್ಡಿಯಿಲ್ಲ. ಅಮೆರಿಕದ ಪೌರತ್ವ ಪಡೆದ ಅಣ್ಣನ ಮಗನ ಹಣ ಕಾನೂನಿನ ಲೆಕ್ಕದಲ್ಲಿ ವಿದೇಶಿ ದೇಣಿಗೆ. ಅದನ್ನು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಅನುಮತಿ ಇರುವ ಸಂಸ್ಥೆ, ಅದಕ್ಕೆಂದೇ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಯಲ್ಲಿ ಪಡೆಯಬೇಕು. ನಿಮ್ಮ ಖಾತೆಗೆ ತರಿಸಿ ಅಲ್ಲಿಂದ ದಾಟಿಸಿದರೆ ಹಾಸ್ಪೈಸ್‌ಗೇ ಸಂಕಟ. ಆ ಹುಡುಗನಿಗೆ ಹಾಸ್ಪೈಸ್‌ನವರ ಸಂಪರ್ಕ ಕೊಟ್ಟು ಸುಮ್ಮನಾಗಿ.

ನೌಕರರು ಕೊಟ್ಟಷ್ಟನ್ನೇ ತಾವೂ ಸೇರಿಸಿ ಕೊಡುವ ಕಂಪನಿಗಳಿವೆ. ನಿಮ್ಮ ಕಚೇರಿಯಲ್ಲೂ, ದೇಣಿಗೆ ಕೊಡುವವರ ಕಚೇರಿಯಲ್ಲೂ ಒಮ್ಮೆ ವಿಚಾರಿಸಿ.

ಆ ದಿನ

ಹಿಂದಿನ ರಾತ್ರಿ ಬೇಗ ಊಟ. ಬೆಳಿಗ್ಗೆ ನಾಲ್ಕಕ್ಕೆ ರಾಗಿ ಗಂಜಿ, ಒಂದು ಬಾಳೆಹಣ್ಣು. ಕತ್ತಲಿರುವಾಗ ಬೆಳಕು ಮರಳಿಸುವ ಪಟ್ಟಿಯಿರುವ ಅಂಗಿ ತೊಡಿ, ಟಾರ್ಚ್ ಹಿಡಿಯಿರಿ. ನಮ್ಮ ಪಾದಚಾರಿ ಮಾರ್ಗಗಳ ಕಲ್ಲುಚಪ್ಪಡಿಗಳನ್ನು ನಂಬುವಂತಿಲ್ಲ. ಬೀದಿನಾಯಿಗಳು ಎದುರಾದರೆ ಓಡದೆ, ಕಣ್ಣಿಟ್ಟು ನೋಡದೆ ನಿಧಾನವಾಗಿ ಸರಿದುಹೋಗಿ.

ಪ್ರತಿ ಗೋಪುರದಲ್ಲಿ ಒಬ್ಬರು ನೀರು, ತಿಂಡಿ ಹಿಡಿದು ಕಾಯುವಂತೆ ಮಾಡಿಕೊಳ್ಳಿ. ಹಸಿವಾಗುವವರೆಗೆ ಕಾಯದೆ ಗಂಟೆಗೊಮ್ಮೆ ಸ್ವಲ್ಪ ತಿನ್ನಿ. ಕಡಲೆಕಾಯಿ ಚಿಕ್ಕಿ, ಖರ್ಜೂರ, ಹುಳಿಯನ್ನದ ಸಣ್ಣ ಡಬ್ಬಿ ನನಗೆ ಒಗ್ಗಿದವು. ಮಧ್ಯಾಹ್ನ ಮೊಸರನ್ನ ತಿಂದೆ. ಬಾಯಾರಿಕೆಗೆ ತಕ್ಕಂತೆ ಕುಡಿಯಿರಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗಬಹುದು. ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ನಡುನಡುವೆ ಇರಲಿ. ಪೊಟ್ಟಣದ ಮೇಲೆ ಒಂದು ಲೀಟರ್‌ಗೆ ಎಂದಿದ್ದರೆ ಒಂದು ಲೀಟರ್‌ಗೇ ಕಲಸಿ. ನಡೆಯುವಾಗ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನುಂಗಬೇಡಿ. ನೀರು ಕಡಿಮೆಯಾದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಕೇಡು. ಎದೆನೋವು, ತಲೆಸುತ್ತು, ಮಾತು ತೊದಲುವುದು, ದಿಕ್ಕು ತೋಚದಿರುವುದು ಕಂಡರೆ ನಡಿಗೆ ಅಲ್ಲಿಗೇ ಮುಗಿಯಿತು. 108ಕ್ಕೆ ಕರೆ ಮಾಡಿ. ಅರ್ಧಕ್ಕೆ ನಿಂತಿದ್ದಕ್ಕೆ ಯಾರೂ ಹಣ ವಾಪಸ್ ಕೇಳುವುದಿಲ್ಲ.

ಪ್ರತಿ ಗೋಪುರ ತಲುಪಿದಾಗಲೂ ದೇಣಿಗೆ ಕೊಟ್ಟವರಿಗೆ ಎರಡು ಸಾಲಿನ ಸಂದೇಶ, ಒಂದು ಫೋಟೋ ಹೋಗಲಿ. ಇದನ್ನು ಮನೆಯಲ್ಲಿರುವ ಒಬ್ಬರಿಗೆ ಒಪ್ಪಿಸಿ. ನನ್ನ ಪರವಾಗಿ ಮಗಳು ಕಳಿಸುತ್ತಿದ್ದಳು. ಎರಡನೆಯ ಸುತ್ತಿನ ಹಲಸೂರಿನಿಂದ ಹೋದ ಸಂದೇಶ ನೋಡಿ, ಅಲ್ಲಿಯವರೆಗೆ ಸುಮ್ಮನಿದ್ದ ಹನ್ನೊಂದು ಜನ ಹಣ ಹಾಕಿದರು. ಪ್ರಶ್ನೆ ಕೇಳಿದ್ದ ಸಹೋದ್ಯೋಗಿಯೂ ಅವರಲ್ಲಿ ಒಬ್ಬರು.

ಮುಗಿದ ಮೇಲೆ

ಮೂರು ದಿನ ಕಾಲಿಗೆ ಬಿಡುವು. ಗಾಯ ಕೆಂಪಗಾಗಿ ಬಿಸಿಯಾದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರು, ವೈದ್ಯರಿಗೆ ತೋರಿಸಿ.

ವಾರದೊಳಗೆ ಹಾಸ್ಪೈಸ್‌ನಿಂದ ಒಟ್ಟು ಮೊತ್ತದ ಪತ್ರ ತಂದು ಎಲ್ಲರಿಗೂ ಕಳಿಸಿ. ಅದರ ಜೊತೆಗೆ, ಮೊದಲ ಭೇಟಿಯಲ್ಲಿ ಬರೆದುಕೊಂಡ ದಿನದ ಖರ್ಚಿನ ಲೆಕ್ಕ ಹಿಡಿದು, ಎಷ್ಟು ದಿನದ ಆರೈಕೆಗೆ ಆಯಿತು ಎಂದು ತಿಳಿಸಿ. ಆಮೇಲೆ ಮುಯ್ಯಿ ಪುಸ್ತಕ ತೆಗೆದು ರಸೀದಿ ಬಾರದವರ ಹೆಸರಿನ ಮುಂದೆ ಗುರುತು ಹಾಕಿ, ಒಂದೊಂದಾಗಿ ತೀರಿಸಿ. ನನ್ನ ಪುಸ್ತಕದಲ್ಲಿ ಕೊನೆಯ ಎರಡು ಗುರುತು ಮಾರ್ಚ್‌ವರೆಗೂ ಉಳಿದಿದ್ದವು. ಒಬ್ಬರು ಪ್ಯಾನ್ ತಪ್ಪು ಬರೆದಿದ್ದರು, ಅದು ಒಂದು ಫೋನಿನಲ್ಲಿ ಸರಿಹೋಯಿತು. ಇನ್ನೊಂದು ಹೂವಿನಾಕೆಯ ಐವತ್ತು ರೂಪಾಯಿಯ ರಸೀದಿ. ಅದನ್ನು ಗಾಂಧಿ ಬಜಾರಿಗೆ ಹೋಗಿ ನಾನೇ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಎರಡು ಮಡಿಕೆ ಮಾಡಿ, ಬುಟ್ಟಿಯ ಅಡಿಯಲ್ಲಿದ್ದ ದೇವರ ಪಟದ ಹಿಂದೆ ಇಟ್ಟಳು.